ತೊಡೆ ಅಳೆಯುವ ಸಮಿತಿ

ಮಲೆನಾಡಿನಲ್ಲಿ ಶಾಲಾ ಕ್ರೀಡಾಕೂಟಕ್ಕೆ ಮುಹೂರ್ತ ಕೂಡಿಬರುವುದೇ ಮಳೆ ಜಡಿಯುವ ತಿಂಗಳಲ್ಲಿ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಚರಂಡಿ ಸೇರಿರುತ್ತದೆ. ನೂರು ಮೀಟರ್ ಎಲ್ಲಿಗೆ ಮುಗಿಯಿತು ಅಂತ ಪೀಟಿ ಮೇಷ್ಟ್ರು ಅಂದಾಜಿನ ಮೇಲೆ ಹೇಳಬೇಕು. ಈ ಸಲ ಅದೇ ಮೈದಾನಕ್ಕೆ ವಿಜ್ಞಾನವೂ ಕೊಡೆ ಹಿಡಿದು ಬಂತು, ಟೈಲರ್ ಟೇಪಿನ ರೂಪದಲ್ಲಿ.

ತಂದವರು ಹೊಸದಾಗಿ ಜಿಮ್ ಹುಚ್ಚು ಹತ್ತಿದ ಮುಖಂಡರು. "ತೊಡೆ ದಪ್ಪ ಇಲ್ದೆ ಸ್ಪೀಡ್ ಎಲ್ಲಿಂದ ಬರುತ್ತೆ ಮಾರಾಯ್ರೆ? ಮೊದ್ಲು ಅಳೀರಿ, ಆಮೇಲೆ ಓಡ್ಸಿ" ಅಂದರು. ಓಡಿಸಿ ನೋಡಲು ಹದಿನೈದು ಸೆಕೆಂಡು ಸಾಕಿತ್ತು. ಅಳೆಯಲು ಸಮಿತಿ ಬೇಕಾಯಿತು, ರಿಜಿಸ್ಟರ್ ಬೇಕಾಯಿತು, ಸಹಿ, ಸೀಲು, ನಡುವೆ ಉಪ್ಪಿಟ್ಟು. ಅಡಿಕೆ ಮರ ಹತ್ತುವ ಕೊನೆಗಾರರ ಮನೆಯ ಹುಡುಗನೊಬ್ಬನ ತೊಡೆಗೆ ಒದ್ದೆ ಟೇಪು ಸುತ್ತಿ, ಅದು ಜಾರಿ ಮಂಡಿಗೆ ಇಳಿದಾಗ ಅಲ್ಲಿನ ಅಳತೆಯನ್ನೇ ಬರೆದುಕೊಂಡು, ಎದುರಿಗೆ 'ಅನರ್ಹ' ಎಂದು ಕೆಂಪು ಶಾಯಿಯಲ್ಲಿ ಗೀಚಿದರು. ಅಳತೆಯಲ್ಲಿ ಮೊದಲು ಬಂದವನು ಗುಂಡು ಎಸೆತದ ಹುಡುಗ. "ಸಾರ್, ನಂಗೆ ಗುಂಡೇ ಸಾಕು" ಅಂತ ಅವನು ಅಳುತ್ತಿದ್ದರೂ ಓಟಕ್ಕೆ ನಿಲ್ಲಿಸಿದರು.

ಮುಖಂಡರದು ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ಸ್ನಾಯು ದಪ್ಪವಾದಷ್ಟೂ ಅದರ ಬಲ ಹೆಚ್ಚು. ಆದರೆ ಆ ದಪ್ಪವನ್ನು ಹೊತ್ತು ಓಡುವವನೂ ಅವನೇ ತಾನೆ? ಮೀನಖಂಡ ಭಾರವಾದರಂತೂ ಪ್ರತಿ ಹೆಜ್ಜೆಗೂ ಕಾಲಿನ ತುದಿಯಲ್ಲಿ ಕಲ್ಲು ಕಟ್ಟಿಕೊಂಡು ಬೀಸಿದ ಹಾಗೆ. ಅದೂ ಅಲ್ಲದೆ, ಪೂರಾ ವೇಗದಲ್ಲಿರುವ ಓಟಗಾರನ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವರದು ಅದಕ್ಕೂ ಕಡಿಮೆ. ಸ್ನಾಯು ತನ್ನ ಪೂರ್ತಿ ಬಲಕ್ಕೆ ಏರಲು ಅದರ ಎರಡು-ಮೂರು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಪಾದ ಮೇಲೆದ್ದಾಗಿರುತ್ತದೆ. ಹನ್ನೊಂದು ಗಂಟೆಯ ಉದ್ಘಾಟನೆಗೆ ಒಂದೂವರೆಗೆ ಬರುವವರ ಕೈಯಲ್ಲಿ ಇದನ್ನು ಹೇಳಿ ಪ್ರಯೋಜನವಿಲ್ಲ ಬಿಡಿ.

ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ನೂರು ಮೀಟರ್ ಮುಗಿಸಿದ. ಅವನು ಗಾಳಿಯಲ್ಲಿ ಕಾಲನ್ನು ನಮಗಿಂತ ಎಷ್ಟೋ ಬೇಗ ಬೀಸುತ್ತಿದ್ದ ಅಂದುಕೊಂಡಿದ್ದೇವೆ. ಅಮೆರಿಕದ ಸಂಶೋಧಕರು 2000ದಲ್ಲೇ ಅಳೆದು ಹೇಳಿದ್ದು ಬೇರೆ: ವೇಗದ ಓಟಗಾರನೂ ನಿಧಾನದವನೂ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ನೆಲವನ್ನು ಒದೆಯುವ ಜೋರಿನಲ್ಲಿ. ಅದನ್ನು ಅಳೆಯುವ ಟೇಪು ಯಾವ ಟೈಲರ್ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಂತ ಓಟದ ಲೆಕ್ಕ ತಪ್ಪುವುದು ಘಟ್ಟದ ಮೇಲಿನವರಿಗಷ್ಟೇ ಅಲ್ಲ. 2020ರಲ್ಲಿ ಕೆಳಗೆ ಕರಾವಳಿಯ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದವರನ್ನು ಇಡೀ ದೇಶ ಕ್ಯಾಲ್ಕುಲೇಟರ್ ಒತ್ತಿ ಬೋಲ್ಟ್‌ನ ಮುಂದೆ ನಿಲ್ಲಿಸಿತು. ಹಗ್ಗದ ಆ ತುದಿಯಲ್ಲಿದ್ದ ಕೋಣಗಳ ಎಂಟು ಕಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಓಡಿದವರೊಬ್ಬರೇ ಬುದ್ಧಿವಂತರು, ಟ್ರ್ಯಾಕಿಗೆ ಕರೆದರೆ ಹೋಗಲಿಲ್ಲ.

ಇನ್ನು ಗಾತ್ರದ ಮಾತು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು ಓಟಗಾರರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಸ್ನಾಯುಗಳನ್ನು ಒಂದೊಂದಾಗಿ ಅಳೆದರು. ಅತ್ಯುತ್ತಮರಿಗೂ ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರಿಗೂ ಎದ್ದು ಕಂಡ ವ್ಯತ್ಯಾಸ ಗ್ಲೂಟಿಯಸ್ ಮ್ಯಾಕ್ಸಿಮಸ್‌ನಲ್ಲಿ, ನೇರ ಹೇಳುವುದಾದರೆ ಕುಂಡೆಯಲ್ಲಿ. ಅತ್ಯುತ್ತಮರದು ಸುಮಾರು 45 ಶೇಕಡಾ ದೊಡ್ಡದು. ಪೀಟಿ ಮೇಷ್ಟ್ರು ಇದನ್ನು ಊಟದ ಹೊತ್ತಿಗೆ ಸಮಿತಿಯ ಮುಂದೆ ಹೇಳಿದರು. ವೇದಿಕೆಯ ಮೇಲೆ ಒಂದು ಗಳಿಗೆ ಮೌನ. ಆಮೇಲೆ ಕುರ್ಚಿಗಳಲ್ಲಿ ಒಂದು ಹೆಮ್ಮೆಯ ಅಲುಗಾಟ. ಎಷ್ಟು ವರ್ಷದಿಂದ ಅಲುಗದೆ ಕೂತು ಬೆಳೆಸಿದ ಸಂಪತ್ತು! ಅದು ಸ್ನಾಯುವಾಗಿರಬೇಕು, ಬೊಜ್ಜಲ್ಲ ಎಂಬ ಮಾತನ್ನು ಮೇಷ್ಟ್ರು ಇನ್ನೂ ಎರಡು ಇನ್‌ಕ್ರಿಮೆಂಟ್ ಬಾಕಿ ಇರುವುದರಿಂದ ನುಂಗಿಕೊಂಡರು.

ಮುಂದಿನ ವರ್ಷದಿಂದ ಟೇಪನ್ನು ಒಂದು ಗೇಣು ಮೇಲಕ್ಕೆ ಏರಿಸಲು ಸಮಿತಿ ತೀರ್ಮಾನಿಸಿದೆಯಂತೆ. ಮಕ್ಕಳಿಗೆ ಅರ್ಥವಾಗಲಿ ಅಂತ ಮೊದಲು ಪ್ರಾತ್ಯಕ್ಷಿಕೆ ಆಗಬೇಕು, ಅದಕ್ಕೆ ವೇದಿಕೆ ಮೇಲಿನವರೇ ನಿಲ್ಲಬೇಕು ಎಂದು ಮೇಷ್ಟ್ರು ಅರ್ಜಿ ಕೊಟ್ಟಿದ್ದಾರೆ.