ಅಳತೆ ರವಿಕೆ

ನನ್ನ ಬಳಿ ಒಂದು ರವಿಕೆ ಇದೆ. ಅದನ್ನು ಕೊನೆಯ ಬಾರಿ ತೊಟ್ಟದ್ದು 2003ರಲ್ಲಿ, ಮದುವೆಯಾದ ಹೊಸತರಲ್ಲಿ. ಆಮೇಲೆ ಅದು ನನ್ನ ಮೈ ಕಂಡಿಲ್ಲ, ದರ್ಜಿಯ ಅಂಗಡಿಯನ್ನು ಮಾತ್ರ ಲೆಕ್ಕವಿಲ್ಲದಷ್ಟು ಸಲ ಕಂಡಿದೆ. ಏಕೆಂದರೆ ಅದು ಅಳತೆ ರವಿಕೆ. ಹೊಸದನ್ನು ಹೊಲಿಸುವಾಗಲೆಲ್ಲ ಬಟ್ಟೆಯ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, "ಅಳತೆ ಇದೇ ಮಾಸ್ಟರ್" ಎಂದು ಕೊಟ್ಟು ಬರುತ್ತೇನೆ. ಮಾಸ್ಟರ್ ಅದನ್ನು ಮೇಜಿನ ಮೇಲೆ ಹರಡುತ್ತಾರೆ. ಕನ್ನಡಕದ ಮೇಲಿನಿಂದ ಒಮ್ಮೆ ರವಿಕೆಯನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. "ಆಯಿತು ಮೇಡಂ" ಎನ್ನುತ್ತಾರೆ. ವಾರದ ಮೇಲೆ ತಂದು ತೊಟ್ಟರೆ ಹೊಸ ರವಿಕೆ ಮೈಗೆ ಅಂಟಿದಂತೆ ಕೂರುತ್ತದೆ. 22 ವರ್ಷಗಳಲ್ಲಿ ನನ್ನ ಮೈ ಒಂದಿಂಚೂ ಕದಲಿಲ್ಲ ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ತೂಕದ ಯಂತ್ರ ಬೇರೆಯೇ ಹೇಳುತ್ತದೆ, ನಿಜ. ಆದರೆ ಆ ಯಂತ್ರ ನಮ್ಮ ಯಜಮಾನರು ರಿಯಾಯಿತಿಯಲ್ಲಿ ತಂದದ್ದು.

ಬೆಂಗಳೂರಿನಲ್ಲಿ ಇದಕ್ಕೆ ಬ್ಲೌಸ್ ಎನ್ನುತ್ತಾರೆ. ಬಾಗಲಕೋಟೆ ಕಡೆಯ ನನ್ನ ಅವ್ವನಿಗೆ ಅದು ಜಂಪರ್. ಅಜ್ಜಿಗೆ ಕುಪ್ಪಸ. ಅಜ್ಜಿಯ ಕುಪ್ಪಸಕ್ಕೆ ಹುಕ್ಕೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಮುಂದಿನ ಎರಡು ತುದಿ ಸೇರಿಸಿ ಒಂದು ಗಂಟು ಹಾಕಿದರೆ ಮುಗಿಯಿತು. ಹೋಳಿಗೆ ಉಂಡ ದಿನ ಗಂಟು ಸ್ವಲ್ಪ ಸಡಿಲ, ಒಪ್ಪತ್ತಿನ ದಿನ ಸ್ವಲ್ಪ ಬಿಗಿ. ಹೀಗಾಗಿ ಅಜ್ಜಿ ತಮ್ಮ ಜೀವಮಾನದಲ್ಲಿ ಒಮ್ಮೆಯೂ ದಪ್ಪಗಾಗಲಿಲ್ಲ. ದಪ್ಪಗಾದರೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಈಚೆಗೆ ಬಾಗಲಕೋಟೆಯಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಯಿತು. ಇಳಕಲ್ ಸೀರೆ ಉಡುವುದು, ಅದಕ್ಕೆ ಗುಳೇದಗುಡ್ಡದ ಖಣದ ರವಿಕೆ ಎಂದು ನಿರ್ಧರಿಸಿದೆ. ಸಾಮಾನ್ಯವಾಗಿ ಉಡಿ ತುಂಬುವಾಗ ಬರುವ ಬ್ಲೌಸ್ ಪೀಸುಗಳನ್ನು ಯಾರೂ ಹೊಲಿಸುವುದಿಲ್ಲ. ಅವು ಮನೆಯಿಂದ ಮನೆಗೆ ಸಂಚಾರ ಮಾಡಿಕೊಂಡಿರುತ್ತವೆ. ನಾನು ಕೊಟ್ಟದ್ದೇ ಮೂರು ವರ್ಷ ಊರೂರು ಸುತ್ತಿ ನನ್ನ ಉಡಿಗೇ ಮರಳಿದ್ದುಂಟು. ಗುಳೇದಗುಡ್ಡದ ಖಣದ ಮಾತು ಬೇರೆ, ಅದು ಕೈಗೆ ಬಂದರೆ ಯಾರೂ ಮುಂದಕ್ಕೆ ದಾಟಿಸುವುದಿಲ್ಲ. ಎರಡೂ ಬದಿಗೆ ಅಂಚು, ನಡುವೆ ಬೆರಳುಗುರಿನಷ್ಟು ಸಣ್ಣ ತೇರುಗಳು, ಮೂರು ಮೂಲೆಯಾಗಿ ಮಡಚಿದ ಮಡಿಕೆ. ಅವ್ವ ಕೊಟ್ಟಿದ್ದ ಅಂಥದ್ದೊಂದು ಖಣ ನನ್ನ ಕಪಾಟಿನಲ್ಲಿ ಹದಿನೈದು ವರ್ಷದಿಂದ ಮಡಚಿಕೊಂಡೇ ಕುಳಿತಿತ್ತು.

ಹಳೆಯ ಖಣಕ್ಕೆ ಹೊಸ ಮಾದರಿ ಬೇಡವೇ? ಬೋಟ್ ನೆಕ್, ಹಿಂದೆ ಹುಕ್ಕು. ನಟಿಯೊಬ್ಬಳ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋದೆ. ಇಂಥ ಚಿತ್ರ ತೋರಿಸಿದಾಗಲೆಲ್ಲ ಮಾಸ್ಟರ್ ನಿಟ್ಟುಸಿರು ಬಿಟ್ಟು, "ಅವರ ಕತ್ತು ಬೇರೆ ಮೇಡಂ" ಎನ್ನುವುದು ವಾಡಿಕೆ. ಅಂದು ಮಾಸ್ಟರ್ ಇರಲಿಲ್ಲ, ಜಾತ್ರೆಗೆಂದು ಊರಿಗೆ ಹೋಗಿದ್ದರು. ಹೊಸದಾಗಿ ಸೇರಿದ ಹುಡುಗನಿದ್ದ. ಅಳತೆ ರವಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇ ಅಳತೆಯಾ ಮೇಡಂ?" ಎಂದು ಮೂರು ಸಲ ಕೇಳಿದ. ಪಾಪ, ಅನುಭವ ಸಾಲದು ಎಂದುಕೊಂಡು, "ಇದೇ. ಒಂದು ನೂಲು ಆಚೀಚೆ ಆಗಬಾರದು" ಎಂದೆ.

ಹುಡುಗ ಮಾತು ಉಳಿಸಿಕೊಂಡ.

ಅದು ಗೊತ್ತಾದದ್ದು ಮದುವೆಯ ದಿನ ಬೆಳಗಿನ ಐದೂವರೆಗೆ, ಕಲ್ಯಾಣ ಮಂಟಪದ ಮಹಡಿಯ ಕೋಣೆಯಲ್ಲಿ. ತೋಳುಗಳು ಮೊಣಕೈ ದಾಟುವಷ್ಟರಲ್ಲಿ ನನ್ನ ಹಣೆಯಲ್ಲಿ ಬೆವರೊಡೆಯಿತು. ಹೇಗೋ ಭುಜಕ್ಕೇರಿಸಿದರೆ ಬೆನ್ನಿನ ಮೇಲೆ ಎರಡು ಅಂಚುಗಳ ನಡುವೆ ಒಂದು ಗೇಣು ಬಯಲು. ಒಂದು ಕಡೆಯಿಂದ ಅವ್ವ, ಇನ್ನೊಂದು ಕಡೆಯಿಂದ ಚಿಗವ್ವ ಹಿಡಿದು ಎಳೆದರು. ಅದೇ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರು ಯಾವ ತಕರಾರೂ ಇಲ್ಲದೆ ಕೂಡಿದ್ದಾರೆ. ನನ್ನ ರವಿಕೆಯ ಎರಡು ದಡಗಳು ಮಾತ್ರ ಕೂಡಲಿಲ್ಲ.

"ತೆಗೆ, ಒಳಗೆ ಬಟ್ಟೆ ಬಿಟ್ಟಿದ್ದಾನೇನು ನೋಡೋಣ" ಎಂದಳು ಅವ್ವ. ಬಲ್ಲ ದರ್ಜಿ ಬದಿಗಳಲ್ಲಿ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಟ್ಟು, ಮೂರೋ ನಾಲ್ಕೋ ಸಾಲು ಹೊಲಿಗೆ ಹಾಕಿರುತ್ತಾನೆ. ವರ್ಷ ಕಳೆದಂತೆ ಒಂದೊಂದೇ ಸಾಲು ಬಿಚ್ಚಿಕೊಳ್ಳಬಹುದು. ಬಿಚ್ಚಿದಲ್ಲಿ ಬಿಸಿಲು ಕಾಣದ ಬಟ್ಟೆಯ ಗಾಢವಾದ ಪಟ್ಟಿಯೊಂದು ಹೊರಬೀಳುತ್ತದೆ, ಉದ್ದಕ್ಕೂ ಸೂಜಿಯ ತೂತುಗಳು. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವಂತೆ ಹೆಂಗಸಿನ ವಯಸ್ಸನ್ನು ಈ ಪಟ್ಟಿಗಳಿಂದ ಹೇಳಬಹುದು. ಹುಡುಗ ಬಿಟ್ಟದ್ದು ಅರ್ಧ ಬೆರಳು. ಖಣವೇ ಚಿಕ್ಕದು, ಅವನಾದರೂ ಎಲ್ಲಿಂದ ತಂದಾನು?

ಆಗ ಚಿಗವ್ವ ಬಾಯಿ ತೆರೆದಳು. ನಮ್ಮ ಕಡೆ ಸೀಮಂತಕ್ಕೆ ಕುಬಸ ಎನ್ನುತ್ತಾರೆ. ಕುಬಸವೆಂದರೆ ಕುಪ್ಪಸವೇ, ಬಸುರಿಗೆ ಹೊಸ ಸೀರೆ ಕುಪ್ಪಸ ಕೊಟ್ಟು ಮಾಡುವ ಶಾಸ್ತ್ರ. ಮೈ ಬೆಳೆದದ್ದನ್ನು ನಾಲ್ಕು ಜನರನ್ನು ಕರೆದು ಊಟ ಹಾಕಿ ಸಾರುವ ಊರು ನಮ್ಮದು. "ಅಕ್ಕಾ, ನಿನ್ನ ಮಗಳಿಗೆ ಈ ವಯಸ್ಸಿನಲ್ಲಿ ಇನ್ನೊಂದು ಕುಬಸ ಮಾಡಬೇಕೇನು?" ಎಂದಳು. ಕೋಣೆಯಲ್ಲಿದ್ದ ಹನ್ನೊಂದು ಹೆಂಗಸರೂ ನಕ್ಕರು. ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ ನಾನೂ ತಡೆಯಲಾರದೆ ನಕ್ಕೆ. ಬಗಲಲ್ಲಿ ಪರ್ ಎಂದಿತು. ಹದಿನೈದು ವರ್ಷ ಕಾದಿದ್ದ ತೇರು ಅಲ್ಲಿಗೆ ಮುರಿಯಿತು.

ಅವ್ವ ಮಾತಾಡದೆ ತನ್ನ ಚೀಲದಿಂದ ಒಂದು ಜಂಪರ್ ತೆಗೆದುಕೊಟ್ಟಳು. ಮೊಣಕೈವರೆಗೆ ತೋಳು, ಮುಂದೆ ಹುಕ್ಕು, ಬೋಟೂ ಇಲ್ಲ ದೋಣಿಯೂ ಇಲ್ಲ. 74 ವರ್ಷದ ಅವ್ವನ ಜಂಪರ್ ನನಗೆ ದೊಗಳೆಯಾಗುತ್ತದೆ, ಪಿನ್ನು ಹಾಕಿಕೊಂಡರಾಯಿತು ಎಂದುಕೊಂಡು ತೊಟ್ಟೆ. ಪಿನ್ನಿನ ಅಗತ್ಯ ಬೀಳಲಿಲ್ಲ. ತೋಳು, ಹೆಗಲು, ಸೊಂಟ, ಎಲ್ಲವೂ ನನಗೆಂದೇ ಹೊಲಿದಂತೆ ಕೂತವು. ಕನ್ನಡಿಯಲ್ಲಿ ಅವ್ವ ನಿಂತಿದ್ದಳು. ಪಕ್ಕಕ್ಕೆ ತಿರುಗಿ ನೋಡಿದರೆ ಅಲ್ಲೂ ಅವ್ವ ನಿಂತಿದ್ದಳು. ಯಾವುದು ಯಾರೆಂದು ತಿಳಿಯಲು ನನಗೆ ಅರೆಗಳಿಗೆ ಹಿಡಿಯಿತು. ಏನೇ ಆಗಲಿ, ಉಸಿರು ಮಾತ್ರ ಎಷ್ಟೋ ತಿಂಗಳಿಂದ ಕಾಣದಷ್ಟು ಸಲೀಸಾಗಿ ಆಡುತ್ತಿತ್ತು.

ಸೀರೆಯದ್ದೇನೂ ತಾಪತ್ರಯವಿಲ್ಲ. ಇಳಕಲ್ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಸೆರಗು. ಒಂದಕ್ಕೊಂದು ಸಂಬಂಧವಿಲ್ಲದ ಆ ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಉಡುವವಳ ಒಡಲು ಎಷ್ಟೇ ಇರಲಿ, ಸೀರೆಯ ಒಡಲು ಪ್ರಶ್ನೆ ಕೇಳದೆ ಸುತ್ತಿಕೊಳ್ಳುತ್ತದೆ. ಮದುವೆಯಲ್ಲಿ ಎರಡು ಪಂಕ್ತಿಗೂ ನಾನೇ ಓಡಾಡಿ ಬಡಿಸಿದೆ, ಮೂರನೆಯದರಲ್ಲಿ ಕುಳಿತು ಸರಿಯಾಗಿ ಉಂಡೆ.

ಬೆಂಗಳೂರಿಗೆ ಮರಳಿದ ಮರುದಿನವೇ ಹರಿದ ರವಿಕೆಯನ್ನೂ ಅಳತೆ ರವಿಕೆಯನ್ನೂ ಮಾಸ್ಟರ್ ಎದುರು ಹಾಸಿದೆ. ಒಂದರ ಮೇಲೊಂದು ಇಟ್ಟರೆ ಅವಳಿ ಜವಳಿ. ಹುಡುಗ ಮೂಲೆಯಲ್ಲಿ, "ಒಂದು ನೂಲು ಆಚೀಚೆ ಆಗಬಾರದು ಅಂದಿದ್ದರು" ಎಂದು ಗೊಣಗಿದ.

ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. "ಅಳತೆ ರವಿಕೆ ನಂಬಿ ಹೊಲಿದಿದ್ದರೆ ನಾನು ಎಂದೋ ಅಂಗಡಿ ಮುಚ್ಚಬೇಕಾಗಿತ್ತು ಮೇಡಂ" ಎಂದವರೇ ಡ್ರಾಯರಿನಿಂದ ನೀಲಿ ರಟ್ಟಿನ ಪುಸ್ತಕ ತೆಗೆದರು. ಒಂದು ಹಾಳೆಯ ಮೇಲೆ ನನ್ನ ಹೆಸರು. ಕೆಳಗೆ ಒಂದರ ಕೆಳಗೊಂದು ಅಂಕಿಗಳು: 34 ಹೊಡೆದು 35½, ಅದನ್ನು ಹೊಡೆದು 37, ಅದನ್ನೂ ಹೊಡೆದು 38. ಕೊನೆಯದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಇಷ್ಟು ವರ್ಷ ಅವರು ಕನ್ನಡಕದ ಮೇಲಿನಿಂದ ನೋಡಿದ್ದು ಏಕೆಂದು ಆಗ ಅರ್ಥವಾಯಿತು. ಟೇಪು ಮುಟ್ಟದೆ, ಬಾಯಿ ಬಿಡದೆ, ನನ್ನ ಗುಟ್ಟನ್ನು ನನ್ನಿಂದಲೇ ಮುಚ್ಚಿಟ್ಟು ಹೊಲಿದ ಪುಣ್ಯಾತ್ಮ!

"ಅಳತೆ ತೆಗೆದುಕೊಳ್ಳಿ ಮಾಸ್ಟರ್" ಎಂದೆ.

ತೆಗೆದುಕೊಂಡರು. ಅವರು ಕೂಗಿ ಹೇಳಿದ ಅಂಕಿಯನ್ನು ಹುಡುಗ ಬರೆದುಕೊಂಡ, ಎದುರಿನ ಆಟೋ ನಿಲ್ದಾಣದವರೂ ಬರೆದುಕೊಂಡಿರಬಹುದು. ಹರಿದ ಖಣಕ್ಕೆ ಬಗಲಲ್ಲಿ ಅದೇ ಬಣ್ಣದ ತುಂಡು ಕೊಟ್ಟು, ಹುಕ್ಕನ್ನು ಮುಂದಕ್ಕೆ ತರುವುದೆಂದು ಮಾತಾಯಿತು. ಬೋಟ್ ನೆಕ್ ಮಾತ್ರ ಹಾಗೆಯೇ ಇರಲಿ ಎಂದೆ, ಕತ್ತು ಯಾರದ್ದಾದರೇನು. ದೀಪಾವಳಿಗೆಂದು ಹೊಸ ಬಟ್ಟೆಯೊಂದನ್ನೂ ಕೊಟ್ಟೆ.

"ಇದರಲ್ಲಿ ಬಟ್ಟೆ ಧಾರಾಳವಾಗಿದೆ. ಒಳಗೆ ಎಷ್ಟು ಬಿಡಲಿ?" ಎಂದರು ಮಾಸ್ಟರ್.

"ಒಂದಿಂಚು."

ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಸರಿ, ಎರಡಿಂಚು ಬಿಡಿ" ಎಂದೆ.