ಬೇಡ ಅನ್ನಬೇಡಿ, ಅಭಿಪ್ರಾಯ ಹೇಳಿ

ಡಿಸೆಂಬರ್ ಅಂದರೆ ಮಲೆನಾಡಿನಲ್ಲಿ ಅಡಿಕೆಯ ಕೊನೆಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದಿಲ್ಲ, ಸುಲಿಯುವವರು ಸಿಗುವುದಿಲ್ಲ, ಹಂಡೆಯ ಕೆಳಗಿನ ಬೆಂಕಿ ಆರುವುದಿಲ್ಲ. 2025ರಲ್ಲಿ ದೆಹಲಿಯ ಡಿಪಿಐಐಟಿ, ಅಂದರೆ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ, ಸರಿಯಾಗಿ ಇದೇ ಹೊತ್ತು ನೋಡಿ, ಡಿಸೆಂಬರ್ 8ಕ್ಕೆ, ನೂರು ಪುಟ ದಾಟಿದ ಇಂಗ್ಲಿಷ್ ಕರಡೊಂದನ್ನು ಹೊರಗೆ ಬಿಟ್ಟಿತು. ವಿಷಯ ಎಐ ಮತ್ತು ಕಾಪಿರೈಟ್. 30 ದಿನದೊಳಗೆ ಅಭಿಪ್ರಾಯ ಕಳಿಸಿ ಅಂದರು. ಆಮೇಲೆ ಗಡುವು ಮುಂದೆ ಹೋಯಿತು ಅನ್ನಿ.

ಕರಡಿನ ತಿರುಳು ಇಷ್ಟು. ಕಾನೂನಿನ ದಾರಿಯಲ್ಲಿ ಕೈಗೆ ಸಿಕ್ಕ ನಿಮ್ಮ ಕತೆ, ಹಾಡು, ಚಿತ್ರವನ್ನೆಲ್ಲ ಕಂಪನಿಗಳು ಯಂತ್ರಕ್ಕೆ ಉಣಿಸಬಹುದು. ನೀವು ಬೇಡ ಅನ್ನುವ ಹಾಗಿಲ್ಲ. ಕಂಪನಿಗೆ ವರಮಾನ ಬಂದ ಮೇಲೆ ಅದರಲ್ಲಿ ಒಂದು ಪಾಲು ರಾಯಧನ. ಎಷ್ಟು ಪಾಲು ಅಂತ ಸರ್ಕಾರ ನೇಮಿಸಿದ ಸಮಿತಿ ಹೇಳುತ್ತದೆ. ಹಾಗಾದರೆ ನಾವು ಅಭಿಪ್ರಾಯ ಕೊಡಬೇಕಾದ್ದು ಯಾವುದರ ಬಗ್ಗೆ? ಬಹುಶಃ ಅಕ್ಷರದ ಸೈಜಿನ ಬಗ್ಗೆ.

ಇದಕ್ಕಿಂತ, ಮರದ ಮೇಲಿನ ಫಸಲನ್ನು ಗುತ್ತಿಗೆ ಹಿಡಿಯುವ ನಮ್ಮ ಚೇಣಿದಾರನೇ ವಾಸಿ. ಅವನು ಮೊದಲು ಅಂಗಳಕ್ಕೆ ಬರುತ್ತಾನೆ. ಕವಳ ಹಾಕುತ್ತಾನೆ. ತೋಟಕ್ಕಿಳಿದು ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿ, 'ಈ ಸಲ ಕೊಳೆ ಜಾಸ್ತಿ ಹೆಗಡೇರೇ' ಅಂತ ರಾಗ ಎಳೆಯುತ್ತಾನೆ. 'ಹಾಗಾದ್ರೆ ಬಿಡು ಮಾರಾಯ' ಅನ್ನಲು ಹೆಗಡೆಯವರಿಗೆ ಬಾಯಿ ಇರುತ್ತದೆ. ಇಲ್ಲಿ ಕೊಯ್ದು, ಸುಲಿದು, ಬೇಯಿಸಿ, ಮಂಡಿಗೆ ಹಾಕಿಯಾದ ಮೇಲೆ ಚೇಣಿಯ ಮಾತು ಶುರುವಾಗಿದೆ. ಇಷ್ಟಕ್ಕೂ ಐಟಿ ಕಂಪನಿಗಳ ಸಂಘ ನ್ಯಾಸ್ಕಾಂ ಒಪ್ಪದೆ ಭಿನ್ನಮತ ದಾಖಲಿಸಿತು. ಬೇಡ ಅನ್ನುವ ಹಕ್ಕು ಕೊನೆಗೂ ಯಾರಿಗೋ ಸಿಕ್ಕಿತಲ್ಲ, ಸಮಾಧಾನ.

ರಾಯಧನ ಬೇಕಾದರೆ ಕೃತಿಯನ್ನು ನೋಂದಾಯಿಸಬೇಕಂತೆ. ಸಾಗರದ ಕಡೆಯ ತಾಳಮದ್ದಳೆ ಅರ್ಥಧಾರಿಯೊಬ್ಬರು, ಅಂದರೆ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವರು, ನೋಂದಣಿಗೆ ಹೋದರು ಅಂತಿಟ್ಟುಕೊಳ್ಳಿ. ಅವರದು ಬರೆದಿಟ್ಟ ಮಾತಲ್ಲ. ಭಾಗವತರು ಪದ ಮುಗಿಸಿದ ಕೂಡಲೇ ಅಲ್ಲೇ ಹುಟ್ಟಬೇಕು. ನಡುರಾತ್ರಿ ಕರ್ಣ ಕೃಷ್ಣನಿಗೆ ಹೇಳಿದ್ದು ಬೆಳಗಾದರೆ ಕರ್ಣನಿಗೇ ನೆನಪಿಲ್ಲ. ಎದುರಿಗೆ ಕೂತ ಹುಡುಗ ಮೊಬೈಲ್ ಹಿಡಿದು ಯೂಟ್ಯೂಬಿಗೆ ಹಾಕಿರುವುದರಿಂದ ಯಂತ್ರಕ್ಕೆ ಮಾತ್ರ ನೆನಪಿರಬಹುದು.

'ಕೃತಿ ಎಲ್ಲಿ?'

'ಹೇಳಿ ಆಯ್ತಲ್ಲ ಸರ್.'

'ಪಿಡಿಎಫ್ ಇದೆಯಾ?'

'ಕರ್ಣನದ್ದಾ, ನನ್ನದಾ?'

ಬ್ರಿಟನ್ನಿನಲ್ಲಿ ಇಂಥದೇ ಗಲಾಟೆ ಎದ್ದಾಗ, 2025ರ ಫೆಬ್ರುವರಿಯಲ್ಲಿ, ಸಾವಿರಕ್ಕೂ ಹೆಚ್ಚು ಸಂಗೀತಗಾರರು ಸೇರಿ ಖಾಲಿ ಸ್ಟುಡಿಯೋಗಳ ಸದ್ದನ್ನಷ್ಟೇ ಹಿಡಿದು ಆಲ್ಬಂ ತಂದರು. ಹಾಡಿಲ್ಲ, ವಾದ್ಯವಿಲ್ಲ. ಒಳ್ಳೆಯ ಪ್ರತಿಭಟನೆ. ನಮ್ಮಲ್ಲೂ ಒಂದು ಮೌನ ತಾಳಮದ್ದಳೆ ಇಡೋಣ ಅಂದರೆ ಅದು ಆಗುವ ಹೋಗುವ ಮಾತಲ್ಲ. ಇಬ್ಬರು ಅರ್ಥಧಾರಿಗಳನ್ನು ಎದುರುಬದುರು ಕೂರಿಸಿ 'ಮಾತಾಡಬೇಡಿ' ಅನ್ನುವುದು ದೆಹಲಿಯ ಸಮಿತಿಯ ಕೈಲೂ ಆಗುವುದಿಲ್ಲ.