ಕ್ಯಾಪ್ಟನ್ ಸಾಹೇಬ್ರಿಗೆ ದಂಡ ಹಾಕೋರು ಯಾರು?

ಐಪಿಎಲ್ ಶುರುವಾದರೆ ಸಾಕು, ಬೆಂಗಳೂರಿನ ಆಫೀಸುಗಳಲ್ಲಿ ಮ್ಯಾನೇಜರುಗಳೆಲ್ಲ ಕ್ಯಾಪ್ಟನ್ ಆಗಿಬಿಡುತ್ತಾರೆ. ಶನಿವಾರ ಬೆಳಗ್ಗೆಯೇ ಕನಕಪುರ ರಸ್ತೆಯ ಯಾವುದೋ ರೆಸಾರ್ಟಿಗೆ ಬಸ್ಸು ಹೊರಡುತ್ತದೆ. ಶನಿವಾರ ರಜಾ ಅಲ್ವಾ ಅಂತ ಕೇಳಬಾರದು, ಇದು ಆಟ. ಸಣ್ಣವರಿಗೂ ದಪ್ಪವರಿಗೂ ಒಂದೇ ಅಳತೆಯ ಟೀ ಶರ್ಟು. ಹಗ್ಗಜಗ್ಗಾಟ ಮುಗಿದ ಮೇಲೆ, ಊಟಕ್ಕೆ ಮೊದಲು, 'ಕ್ರೀಡೆ ಕಲಿಸುವ ನಾಯಕತ್ವ' ಅಂತ ಒಂದು ಉಪನ್ಯಾಸ. ಹಸಿದ ಹೊಟ್ಟೆಯವರು ತಕರಾರು ಮಾಡುವುದಿಲ್ಲ ಎಂಬುದು ಸಂಘಟಕರಿಗೆ ಗೊತ್ತು.

ಈ ಉಪನ್ಯಾಸಗಳಲ್ಲಿ ಅನಿಲ್ ಕುಂಬ್ಳೆ ಬಂದೇ ಬರುತ್ತಾರೆ. 2002ರ ಆಂಟಿಗಾ ಟೆಸ್ಟ್. ಚೆಂಡು ಬಡಿದು ದವಡೆ ಮುರಿದಿದೆ. ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡೇ 14 ಓವರ್ ಎಸೆದರು, ಬ್ರಯಾನ್ ಲಾರಾ ವಿಕೆಟ್ ಕಿತ್ತರು. ಆ ಫೋಟೊ ಪರದೆಯ ಮೇಲೆ ಬಂದಾಗ ಎಂಥವರಿಗೂ ಮೈ ಜುಮ್ಮೆನ್ನುತ್ತದೆ. ಜುಮ್ಮೆನ್ನುತ್ತಿರುವಾಗಲೇ ಮುಂದಿನ ಸ್ಲೈಡು: ಸಿಕ್ ಲೀವ್ ಲೆಕ್ಕ. ದವಡೆ ಮುರಿದವರು ಬೌಲಿಂಗ್ ಮಾಡ್ತಾರೆ, ನಿಮಗೆ ಜ್ವರಕ್ಕೆ ಎರಡು ದಿನ ಬೇಕಾ? ಅದಾದ ಮೇಲೆ ಕುಂಬ್ಳೆ ಆಪರೇಷನ್ನಿಗೆಂದು ಬೆಂಗಳೂರಿಗೆ ಹೊರಟರಲ್ಲ, ಅದು ಮಾತ್ರ ಯಾವ ಸ್ಲೈಡಿನಲ್ಲೂ ಇರುವುದಿಲ್ಲ. 'ಹೋಗುವಾಗ ಲ್ಯಾಪ್‌ಟಾಪ್ ತಗೊಂಡು ಹೋಗಿ' ಅಂತ ಅವರಿಗೆ ಯಾರೂ ಹೇಳಿರಲಾರರು.

ಆಮೇಲೆ 2004ರ ಮುಲ್ತಾನ್. ಸಚಿನ್ 194ರಲ್ಲಿದ್ದಾಗ, ಇನ್ನೂರಕ್ಕೆ ಆರೇ ರನ್ ಬಾಕಿ ಇರುವಾಗ, ಹಂಗಾಮಿ ಕ್ಯಾಪ್ಟನ್ ದ್ರಾವಿಡ್ ಬ್ಯಾಟಿಂಗ್ ಸಾಕು ಅಂತ ಇನಿಂಗ್ಸ್ ಡಿಕ್ಲೇರ್ ಮಾಡಿದರು, ಭಾರತ ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತು. ತಂಡ ಮುಖ್ಯ, ವ್ಯಕ್ತಿ ಅಲ್ಲ. ಇದನ್ನು ಕೇಳಿದಾಗಲೇ ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈ ವರ್ಷವೂ ಪ್ರಮೋಷನ್ ಇಲ್ಲ ಅಂತ ಅರ್ಥ. 'ನೀವು 194ರಲ್ಲಿದ್ದೀರಿ ಕಣ್ರೀ, ಇನ್ನು ಸ್ವಲ್ಪವೇ ಬಾಕಿ.' ಆದರೆ ಸಚಿನ್ ಹೊಡೆದ 194 ಇವತ್ತಿಗೂ ದಾಖಲೆಯಲ್ಲಿ ಸಚಿನ್ ಹೆಸರಿನಲ್ಲೇ ಇದೆ. ಆಫೀಸಿನಲ್ಲಿ ನೀವು ಹೊಡೆದ 194 ಕ್ಯಾಪ್ಟನ್ನರ ಪಿಪಿಟಿಯಲ್ಲಿ ಕ್ಯಾಪ್ಟನ್ನರ ಹೆಸರಿನಲ್ಲಿ ಇರುತ್ತದೆ.

ಸರಿ, ಕ್ರಿಕೆಟ್ಟಿನಿಂದ ಕಲಿಯೋಣ. ಪೂರ್ತಿಯಾಗಿಯೇ ಕಲಿಯೋಣ. 2025ರ ಏಪ್ರಿಲ್‌ನಲ್ಲಿ ನಮ್ಮ ಆರ್‌ಸಿಬಿ ವಾಂಖೆಡೆಯಲ್ಲಿ ಮುಂಬೈಯನ್ನು 12 ರನ್ನುಗಳಿಂದ ಸೋಲಿಸಿತು. ಓವರುಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಲಿಲ್ಲ ಅಂತ ಕ್ಯಾಪ್ಟನ್ ರಜತ್ ಪಾಟೀದಾರ್‌ಗೆ 12 ಲಕ್ಷ ದಂಡ ಬಿತ್ತು. ಗೆದ್ದ ರನ್ನಿಗೆ ಒಂದೊಂದು ಲಕ್ಷ! ಓವರ್ ತಡ ಮಾಡಿದ್ದು ಬೌಲರುಗಳು, ದಂಡ ತೆತ್ತಿದ್ದು ಕ್ಯಾಪ್ಟನ್. ಇದಪ್ಪಾ ನಾಯಕತ್ವ. ಆಫೀಸಿನಲ್ಲಿ ಪ್ರಾಜೆಕ್ಟ್ ತಡವಾದರೆ ಭಾನುವಾರ ಬಂದು ಕೂರುವವರು ಯಾರು, ಸ್ವಲ್ಪ ಹೇಳಿ ನೋಡೋಣ.

ಸಂಬಳದ ಪಾಠ ಇನ್ನೂ ಚೆನ್ನಾಗಿದೆ. ಅದೇ ವರ್ಷ ಆರ್‌ಸಿಬಿ ಕೊಹ್ಲಿಗೆ 21 ಕೋಟಿ ಕೊಟ್ಟಿತ್ತು, ಕ್ಯಾಪ್ಟನ್ ಪಾಟೀದಾರ್‌ಗೆ 11 ಕೋಟಿ. ಚೆನ್ನಾಗಿ ಆಡುವವನಿಗೆ ಜಾಸ್ತಿ, ಆಡಿಸುವವನಿಗೆ ಅದರ ಅರ್ಧದ ಆಸುಪಾಸು. ಜೂನ್ 3ಕ್ಕೆ ಕಪ್ಪೂ ಬಂತು, ಹದಿನೆಂಟನೇ ಸೀಸನ್ನಿಗೆ. ಕೋಡ್ ಬರೆಯುವ ಹುಡುಗಿಯ ಅರ್ಧ ಸಂಬಳಕ್ಕೆ ವೈಸ್ ಪ್ರೆಸಿಡೆಂಟ್ ಕೆಲಸ ಮಾಡುವ ಕಂಪನಿ ಎಲ್ಲಾದರೂ ಇದ್ದರೆ ತಿಳಿಸಿ, ಅರ್ಜಿ ಹಾಕುವವರು ಸರ್ಜಾಪುರದ ತನಕ ಸಾಲು ನಿಲ್ಲುತ್ತಾರೆ.

ಒಂದು ರೆಸಾರ್ಟಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಎದ್ದು ನಿಂತು ಕೇಳಿಯೇಬಿಟ್ಟನಂತೆ, 'ಸಾರ್, ಟೆಸ್ಟಿನಲ್ಲಿ ಬೆಳಕು ಕಮ್ಮಿಯಾದರೆ ಆಟ ನಿಲ್ಲಿಸ್ತಾರೆ. ನಮ್ಮಲ್ಲಿ ಯಾವಾಗ ನಿಲ್ಲಿಸ್ತೀರಿ?' ಉತ್ತರ ಬಂತು: 'ಗುಡ್ ಕ್ವೆಶ್ಚನ್. ಆಮೇಲೆ ಮಾತಾಡೋಣ.' ಆಮೇಲೆ ಅಂತ್ಯಾಕ್ಷರಿ ಇತ್ತು.

ಅಂಪೈರ್ ವಿಷಯ ಅವನು ಎತ್ತಲಿಲ್ಲ, ಪುಣ್ಯ. ಆಟದಲ್ಲಿ ಅಂಪೈರ್ ಬೇರೆ, ಕ್ಯಾಪ್ಟನ್ ಬೇರೆ. ತೀರ್ಪು ತಪ್ಪು ಅನ್ನಿಸಿದರೆ ಬ್ಯಾಟರ್ ಕೈ ಅಡ್ಡ ಹಿಡಿದು 'ಟಿ' ಆಕಾರ ತೋರಿಸಿ ಮೂರನೇ ಅಂಪೈರ್ ಹತ್ತಿರ ಹೋಗಬಹುದು. ಅಪ್ರೈಸಲ್ ರೂಮಿನಲ್ಲಿ ಹಾಗೆ ಕೈ ಹಿಡಿದು ನೋಡಿ. ಕ್ಯಾಪ್ಟನ್ ಸಾಹೇಬರು ಟೀ ತರಿಸುತ್ತಾರೆ. ಸಕ್ಕರೆ ಜಾಸ್ತಿನಾ ಕಮ್ಮಿನಾ ಅಂತಲೂ ಕೇಳುತ್ತಾರೆ. ರೇಟಿಂಗ್ ಮೂರೇ ಇರುತ್ತದೆ.